ದಲಾಲಿ ಅಂಗಡಿ ಮಹಡಿಯ ರಾಕ್ಷಸ ಬೇಟೆ

ರಾಕ್ಷಸರನ್ನು ಕೊಲ್ಲುವುದು ಹೇಗೆ ಎಂದು ನನಗೆ ಕಲಿಸಲು ಹೊರಟವನು ಹಲ್ಲಿ ಕಂಡರೆ ಕುರ್ಚಿ ಹತ್ತುವ ಮನುಷ್ಯ. ಅವನು ನನ್ನ ಸೋದರಮಾವನ ಮಗ. ನಾನು ತೊಟ್ಟಿಲಲ್ಲಿದ್ದಾಗಲೇ ನನ್ನ ಅವ್ವ ಮತ್ತು ಅವಳ ಅಣ್ಣ ಇಬ್ಬರೂ ಕೂತು, ಇವಳು ಅವನಿಗೆ ಎಂದು ಮಾತಾಡಿಕೊಂಡುಬಿಟ್ಟಿದ್ದರು. ನಮ್ಮ ಕಡೆ ಇದು ದೊಡ್ಡ ವಿಷಯವೇ ಅಲ್ಲ. ವರಸೆ ಇದೆ, ಮನೆತನ ಗೊತ್ತು, ಹೊರಗಿನವರ ಕಿರಿಕಿರಿ ಇಲ್ಲ. ಹುಡುಗಿಯನ್ನು ಒಂದು ಮಾತು ಕೇಳಬೇಕು ಎಂದು ಯಾರಿಗೂ ಹೊಳೆಯುವುದಿಲ್ಲ. ಹೊಳೆದರೂ ಊಟ ಆಯ್ತೇನು ಅನ್ನುವ ಧಾಟಿಯಲ್ಲಿ ಕೇಳಿ, ಉತ್ತರಕ್ಕೆ ಕಾಯದೆ ಎದ್ದು ಹೋಗುತ್ತಾರೆ.

ಎರಡು ಸಾವಿರದ ಇಸವಿ ಕಳೆದು ಐದಾರು ವರ್ಷ ಆಗಿದ್ದಾಗಿನ ಮಾತು. ನಾನು ಬಿ.ಎಸ್ಸಿ. ಮುಗಿಸಿ ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಮೊಳಕೆ ಪರೀಕ್ಷೆ ಮಾಡುವ ಕೆಲಸಕ್ಕೆ ಸೇರಿದ್ದೆ. ಒದ್ದೆ ಕಾಗದದ ಮೇಲೆ ಬೀಜ ಸಾಲಾಗಿ ಇಟ್ಟು, ಸುರುಳಿ ಸುತ್ತಿ, ಕೆಲವು ದಿನ ಬಿಟ್ಟು ಬಿಚ್ಚಿ, ಹುಟ್ಟಿದ್ದು ಯಾವುದು ಸತ್ತದ್ದು ಯಾವುದು ಎಂದು ನೋಡುವ ಕೆಲಸ. ಹೊರಗೆ ಎಷ್ಟು ಹೊಳೆಯುತ್ತಿದ್ದರೂ ಬೀಜದ ಬಂಡವಾಳ ಆ ಒದ್ದೆ ಕಾಗದದಲ್ಲಿ ಬಯಲಾಗುತ್ತಿತ್ತು. ಅಪ್ಪ ಅದೇ ಊರಿನಲ್ಲಿ ಬೀಜದ ಏಜೆಂಟ. ಬೀಜ ಹುಟ್ಟಲಿಲ್ಲ ಎಂದು ರೈತರು ಸಿಟ್ಟಿನಿಂದ ಮನೆ ಬಾಗಿಲಿಗೆ ಬಂದರೆ, ಅಪ್ಪ ಒಳಗಿನ ಖೋಲಿಯಲ್ಲಿ ಮಂಚದ ಮೇಲೆ ಕಾಲು ಮಡಚಿಕೊಂಡು ಕೂತು, ತಾನು ಮನೆಯಲ್ಲಿಲ್ಲ ಎಂದು ಹೇಳಲು ಅವ್ವನನ್ನು ಕಳಿಸುತ್ತಿದ್ದ. ಕಮಿಷನ್ ಅಪ್ಪನಿಗೆ, ಬೈಗುಳ ಅವ್ವನಿಗೆ. ಹೀಗೆ ಪಾಲು ಮಾಡಿಕೊಂಡು ಇಬ್ಬರೂ ಬಹಳ ವರ್ಷ ಸಂಸಾರ ಮಾಡಿದ್ದರು, ನಾನು ಅದನ್ನೇ ಸಂಸಾರ ಎಂದು ತಿಳಿದಿದ್ದೆ.

ಮಾವನ ಮಗ ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದಿ, ಎರಡು ವಿಷಯ ಬಾಕಿ ಉಳಿಸಿಕೊಂಡು, ಬ್ಯಾಡಗಿಗೆ ಮರಳಿ ಮಾವನ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಕೂರತೊಡಗಿದ್ದ. ನಾಲ್ಕು ವರ್ಷದ ಓದಿನಿಂದ ಅವನು ಗಟ್ಟಿಯಾಗಿ ತಂದದ್ದು ಒಂದು ದಪ್ಪ ಝೆರಾಕ್ಸ್ ಪುಸ್ತಕ ಮತ್ತು ಒಂದು ಸಣ್ಣ ಚೀಲದ ತುಂಬ ಬಣ್ಣಬಣ್ಣದ ದಾಳ. ನಾಲ್ಕು ಮುಖದವು, ಎಂಟು ಮುಖದವು, ಇಪ್ಪತ್ತು ಮುಖದ್ದೂ ಒಂದಿತ್ತು. ಹಾಸ್ಟೆಲಿನಲ್ಲಿ ಯಾರೋ ಹಿರಿಯ ಹುಡುಗ ಕಲಿಸಿದ ಆಟವಂತೆ. ಹಾಸು ಇಲ್ಲ, ಕಾಯಿ ಇಲ್ಲ. ಒಬ್ಬ ಕಥೆ ಹೇಳುತ್ತಾನೆ, ಉಳಿದವರು ಒಂದೊಂದು ಪಾತ್ರ ಕಟ್ಟಿಕೊಂಡು ಆ ಕಥೆಯೊಳಗೆ ಓಡಾಡುತ್ತಾರೆ. ಪಾತ್ರಕ್ಕೆ ಬಲ ಎಷ್ಟು, ಬುದ್ಧಿ ಎಷ್ಟು ಎಂದು ಒಂದು ಹಾಳೆಯ ಮೇಲೆ ಅಂಕಿ ಬರೆದುಕೊಳ್ಳಬೇಕು. ಕಷ್ಟದ ಕೆಲಸ ಬಂದಾಗ ದಾಳ ಎಸೆದು ನೋಡಬೇಕು. ಕಥೆ ಹೇಳುವವನೇ ಆಟದ ಯಜಮಾನ. ಕಾಡು, ಕೋಟೆ, ಮಳೆ, ರಾಕ್ಷಸರು ಎಲ್ಲ ಅವನ ಕೈಯಲ್ಲಿ. ಇಂಥ ಆಟ ಸಿಕ್ಕ ಮೇಲೆ ನಮ್ಮವನು ಯಜಮಾನನಾಗದೆ ಇನ್ನೇನಾದಾನು.

ಯುಗಾದಿ ಆದ ಮೇಲೆ ಸಕ್ಕರೆ ಹಂಚಿ ಮಾತು ಗಟ್ಟಿ ಮಾಡುವುದು ಎಂದು ಎರಡೂ ಮನೆಯಲ್ಲಿ ಆಗಿತ್ತು. ಅಷ್ಟರೊಳಗೆ ಹುಡುಗ ಹುಡುಗಿ ನಾಲ್ಕು ಮಾತಾಡಲಿ ಎಂದು ಅವ್ವನೇ ನನ್ನನ್ನು ರವಿವಾರ ಮಧ್ಯಾಹ್ನದ ಪ್ಯಾಸೆಂಜರ್ ಗಾಡಿಗೆ ಹತ್ತಿಸುತ್ತಿದ್ದಳು. ನಾನೂ ಬೇಡ ಎಂದಿರಲಿಲ್ಲ. ನೋಡಲು ಚೆನ್ನಾಗಿದ್ದ, ಅಂಗಿಯ ಇಸ್ತ್ರಿ ಕೆಡುತ್ತಿರಲಿಲ್ಲ, ಮಾತು ಬಲ್ಲವನಾಗಿದ್ದ. ಅವನ ಜೊತೆ ಜೀವನ ಕಳೆಯಬೇಕೋ ಬೇಡವೋ ಎನ್ನುವುದು ನನಗೇ ಗೊತ್ತಿರಲಿಲ್ಲ. ಅದು ಯುಗಾದಿಯೊಳಗೆ ಗೊತ್ತಾಗಬೇಕಿತ್ತು, ಆಮೇಲೆ ಗೊತ್ತಾಗಿ ಉಪಯೋಗವಿರಲಿಲ್ಲ.

ಆಟ ನಡೆಯುತ್ತಿದ್ದದ್ದು ಅಂಗಡಿಯ ಮೇಲಿನ ಮಹಡಿಯಲ್ಲಿ. ಸೋಮವಾರದ ಮಾರುಕಟ್ಟೆಗೆಂದು ರವಿವಾರವೇ ಕೆಳಗೆ ಚೀಲಗಳು ಬಂದು ಬೀಳುತ್ತಿದ್ದವು. ಒಂದೊಂದು ಚೀಲ ಬಿದ್ದಾಗಲೂ ಘಾಟು ಮೆಟ್ಟಿಲು ಹತ್ತಿ ಬಂದು ಎಲ್ಲರೂ ಸೀನುತ್ತಿದ್ದೆವು. ಆಡಲು ಬರುತ್ತಿದ್ದವರು ಅವನ ಇಬ್ಬರು ಗೆಳೆಯರು. ಒಬ್ಬ ಹಾವೇರಿಯ ವಕೀಲರೊಬ್ಬರ ಮಗ, ತಾನೂ ವಕೀಲಿ ಓದುತ್ತಿದ್ದವನು. ಇನ್ನೊಬ್ಬ ಬ್ಯಾಡಗಿಯಲ್ಲೇ ಔಷಧಿ ಅಂಗಡಿ ಇಟ್ಟಿದ್ದ ಮುಸ್ಲಿಂ ಹುಡುಗ. ಇವನು ನನ್ನನ್ನು ಅಕ್ಕಾರ ಎನ್ನುತ್ತಿದ್ದ, ವಕೀಲರ ಮಗ ಏನೂ ಅನ್ನುತ್ತಿರಲಿಲ್ಲ. ನನ್ನ ಜೊತೆ ಮಾತಾಡಬೇಕಾದರೆ ಮಾವನ ಮಗನ ಕಡೆ ತಿರುಗಿ, ಅವರು ಚಹಾ ತರ್ತಾರೇನು ಎಂದು ಕೇಳುತ್ತಿದ್ದ.

ಇನ್ನು ಅವರು ಕಟ್ಟಿಕೊಂಡ ಲೋಕ. ವರ್ಷವಿಡೀ ಹಿಮ ಸುರಿಯುವ ದೇಶ, ಕಲ್ಲಿನ ಕೋಟೆ, ಗಡ್ಡದ ರಾಜರು. ಮೂವರಲ್ಲಿ ಒಬ್ಬನೂ ಫ್ರಿಜ್ಜಿನ ಬಾಗಿಲು ತೆರೆದಾಗ ಬಿಟ್ಟು ಬೇರೆಲ್ಲೂ ಹಿಮ ಕಂಡವನಲ್ಲ. ಹಿಮದಲ್ಲಿ ನಡೆದರೆ ಹೇಗಿರುತ್ತದೆ ಎಂದು ನಾನು ಕೇಳಿದ್ದಕ್ಕೆ ಯಜಮಾನ ಸ್ವಲ್ಪ ಯೋಚಿಸಿ, ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜಿನೊಳಗೆ ಹೋದ ಹಾಗೆ ಎಂದ. ವಕೀಲರ ಮಗ ತನಗೆ ತಾನೇ ರಾಜಕುಮಾರನ ಪಾತ್ರ ಮಾಡಿಕೊಂಡಿದ್ದ, ಕೈಯಲ್ಲಿ ಅವನಿಗಿಂತ ಉದ್ದದ ಕತ್ತಿ. ನಿಜ ಜೀವನದಲ್ಲಿ ಈ ರಾಜಕುಮಾರ ಬಾಟಲಿಯ ಮುಚ್ಚಳ ತೆಗೆಯಲು ಅಂಗಡಿಯಲ್ಲಿ ಚೀಲ ಹೊರುವ ಹಮಾಲನನ್ನು ಕೂಗುತ್ತಿದ್ದ.

ನಾನು ಹೋದ ಮೊದಲ ರವಿವಾರವೇ ಯಜಮಾನ ನನ್ನ ಮುಂದೆ ಒಂದು ಹಾಳೆ ಇಟ್ಟ.

"ನಿನಗ ಒಂದು ಚಂದನ್ನ ಪಾತ್ರ ಮಾಡಿಟ್ಟೇನಿ," ಎಂದ. "ವೈದ್ಯೆ. ಉದ್ದ ಕೂದಲ. ಹಿಂದ ನಿಂತು ನಮ್ಮ ಗಾಯ ವಾಸಿ ಮಾಡತಾಳ."

ಹಿಂದೆ ನಿಲ್ಲುವುದಕ್ಕೆ ರಾಣೆಬೆನ್ನೂರಿನಿಂದ ಟಿಕೆಟ್ ತೆಗೆಸಿಕೊಂಡು ಬರಬೇಕಿರಲಿಲ್ಲ. ಪುಸ್ತಕ ಕೊಡು, ಓದಿ ನನ್ನದು ನಾನೇ ಮಾಡಿಕೊಳ್ಳುತ್ತೇನೆ ಎಂದೆ. ಹೆಂಗಸರಿಗೆ ಅಷ್ಟು ನಿಯಮ ತಲೆಗೆ ಹೋಗುವುದಿಲ್ಲ ಎಂದು ನಕ್ಕು ಕೊಟ್ಟ. ನಾನು ಅದನ್ನು ಗಾಡಿಯಲ್ಲಿ ಓದಿದೆ, ಲ್ಯಾಬಿನಲ್ಲಿ ಊಟದ ಹೊತ್ತಿಗೆ ಓದಿದೆ, ವಾರದೊಳಗೆ ಮುಗಿಸಿದೆ. ಅದರಲ್ಲಿ ಬಹುಪಾಲು ಕತ್ತಿಗಳ ವರ್ಣನೆ, ದಾಗೀನಿನ ಅಂಗಡಿಯವರ ಹಾಗೆ. ಆದರೆ ನಡುವೆ ಒಂದು ಕಡೆ ರಾಕ್ಷಸ ಬೇಟೆಗಾರನ ಪಾತ್ರ ಇತ್ತು, ಅದು ನನಗೆ ಹಿಡಿಸಿತು. ಬೇಟೆಗಾರನಿಗೆ ಒಂದು ವಿಶೇಷ ವಿದ್ಯೆ. ತನ್ನ ಸರದಿ ಬಂದಾಗ ಅವನು ಹೊಡೆಯದೆ, ಓಡದೆ, ಸುಮ್ಮನೆ ಕೂತು ರಾಕ್ಷಸನನ್ನು ನೋಡಬಹುದು. ಹಾಗೆ ನೋಡಿದರೆ ಯಜಮಾನನಿಗೆ ಒಂದು ಪ್ರಶ್ನೆ ಕೇಳಬಹುದು. ಇದು ಏನು ತಿನ್ನುತ್ತದೆ, ಎಲ್ಲಿ ಅಡಗುತ್ತದೆ, ಯಾವುದಕ್ಕೆ ಹೆದರುತ್ತದೆ, ಈ ಮೂರರಲ್ಲಿ ಒಂದು. ಯಜಮಾನ ಖರೇ ಉತ್ತರ ಕೊಡಲೇಬೇಕು.

ಇದನ್ನು ಓದಿದಾಗ ನನಗೆ ಐರಣಿಯ ಅಜ್ಜಿ ನೆನಪಾದಳು, ಅಪ್ಪನ ತಾಯಿ. ಶಾಲೆಯ ಸೂಟಿಗೆ ಊರಿಗೆ ಹೋದಾಗ ಅವಳ ಜೊತೆ ಅರಿವೆ ಒಗೆಯಲು ತುಂಗಭದ್ರೆಗೆ ಹೋಗುತ್ತಿದ್ದೆ. ಹೊಳೆಯಲ್ಲಿ ಮೊಸಳೆ ಇದ್ದವು. ಅಜ್ಜಿ ದಂಡೆಗೆ ಬಂದ ಕೂಡಲೇ ಬುಟ್ಟಿ ಇಳಿಸುತ್ತಿರಲಿಲ್ಲ. ತಲೆಯ ಮೇಲಿನ ಭಾರ ಹೊತ್ತುಕೊಂಡೇ ನೀರನ್ನು ನೋಡುತ್ತ ನಿಲ್ಲುತ್ತಿದ್ದಳು, ನಾನು ಎಷ್ಟು ಜಗ್ಗಿದರೂ ಅಲ್ಲಾಡುತ್ತಿರಲಿಲ್ಲ. ಅದು ನಮ್ಮನ್ನು ನೋಡುವ ಮೊದಲು ನಾವು ಅದನ್ನು ನೋಡಬೇಕು ಎನ್ನುತ್ತಿದ್ದಳು. ಆ ಅಜ್ಜಿಯನ್ನೇ ನಾನು ಹಿಮದ ದೇಶಕ್ಕೆ ಕಳಿಸಿದೆ. ನನ್ನ ಬೇಟೆಗಾರ್ತಿ ಹೊಳೆದಂಡೆಯ ಊರಿನ ಮುದುಕಿ, ಕಂಬಳಿ ಹೊದ್ದವಳು, ಎಲೆ ಅಡಿಕೆ ಜಗಿಯುವವಳು. ದಾಳ ಎಸೆದು ಬಂದ ಅಂಕಿಗಳನ್ನು ಬೇಕಾದ ಗುಣಕ್ಕೆ ಹಂಚಿಕೊಳ್ಳಬಹುದಿತ್ತು. ಎಲ್ಲಕ್ಕಿಂತ ದೊಡ್ಡ ಅಂಕಿಯನ್ನು ಗಮನಕ್ಕೆ ಕೊಟ್ಟೆ, ಬಲಕ್ಕೆ ಸ್ವಲ್ಪ ಇಟ್ಟೆ. ಎಲ್ಲಕ್ಕಿಂತ ಸಣ್ಣದನ್ನು ಮಾತಿನ ಸೊಗಸಿಗೆ ಹಾಕಿದೆ. ಆ ಗುಣ ಯಜಮಾನನ ಬಳಿಯೇ ಬೇಕಾದಷ್ಟಿತ್ತು, ಇಬ್ಬರಿಗೂ ಸಾಕಾಗುತ್ತಿತ್ತು.

ಮುದುಕಿಯನ್ನು ನೋಡಿ ವಕೀಲರ ಮಗ ಬಿದ್ದುಬಿದ್ದು ನಕ್ಕ. ಔಷಧಿ ಅಂಗಡಿಯವನು ಮಾತ್ರ ಹಾಳೆಯನ್ನು ಪೂರ್ತಿ ಓದಿ, ಅಕ್ಕಾರ, ಇವಳ ಸೊಂಟಕ್ಕೆ ಒಂದು ಚೀಲ ಖಾರದ ಪುಡಿ ಕಟ್ಟಿರಿ, ರಾಕ್ಷಸರ ಕಣ್ಣಿಗೆ ಎರಚಲು ಬರುತ್ತದೆ ಎಂದ. ಒಳ್ಳೆಯ ಮಾತೇ. ಆದರೆ ಯಜಮಾನ ನಡುವೆ ಬಾಯಿ ಹಾಕಿ, ಹಾಗಿದ್ದರೆ ನಮ್ಮ ಬ್ಯಾಡಗಿ ಕಾಯಿಯ ಪುಡಿಯೇ ಆಗಬೇಕು, ಅದಕ್ಕಿಂತ ಖಾರ ಲೋಕದಲ್ಲಿ ಇಲ್ಲ ಎಂದು ಬೀಗಿದ. ನಾನು ಅವನ ಮುಖವನ್ನೇ ನೋಡಿದೆ. ಬ್ಯಾಡಗಿ ಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರ ಬೇಕಾದವರು ಗುಂಟೂರಿನ ಕಾಯಿ ಬೆರೆಸಿಕೊಳ್ಳುತ್ತಾರೆ. ಇದು ಅವನ ಮನೆಯಲ್ಲಿ ಕಸ ಹೊಡೆಯುವವರಿಗೂ ಗೊತ್ತು. ಹುಟ್ಟಿದಾಗಿನಿಂದ ಆ ಘಾಟಿನಲ್ಲಿ ಸೀನುತ್ತ ಬೆಳೆದ ದಲಾಲರ ಮಗನಿಗೆ ತನ್ನ ಅಂಗಡಿಯ ಮಾಲು ಏನೆಂದು ತಿಳಿದಿರಲಿಲ್ಲ. ಅವನೂ ಅದೇ ಕಾಯಿಯ ಹಾಗೆ, ಬಣ್ಣ ಕಣ್ಣು ಕುಕ್ಕುವಷ್ಟು, ಕಚ್ಚಿ ನೋಡಿದರೆ ಏನೂ ಇಲ್ಲ. ಮುದುಕಿಯ ಚೀಲಕ್ಕೆ ನಾನು ಗುಂಟೂರಿನದೇ ತುಂಬಿದೆ.

ಆಟ ಶುರುವಾದ ಮೇಲೆ ಅವನ ಇನ್ನೊಂದು ಗುಣ ಕಂಡಿತು. ಯಜಮಾನನ ದಾಳ ಯಾರಿಗೂ ಕಾಣಬಾರದಂತೆ. ಅವನು ಹೆಗಲ ಮೇಲಿನ ಟವೆಲ್ ಹಾಸಿ, ಅದರ ಕೆಳಗೆ ದಾಳ ಉರುಳಿಸಿ, ತಾನೊಬ್ಬನೇ ಇಣುಕಿ ನೋಡಿ, ಏನು ಬಂತೆಂದು ಹೇಳುತ್ತಿದ್ದ. ದನದ ಪ್ಯಾಟೆಯಲ್ಲಿ ದಲಾಲರು ಟವೆಲಿನ ಕೆಳಗೆ ಕೈ ಕೂಡಿಸಿ ಬೆರಳು ಹಿಡಿದು ಬೆಲೆ ಮಾತಾಡುತ್ತಾರಲ್ಲ, ಹಾಗೆ. ಆದರೆ ಅಲ್ಲಿ ಟವೆಲಿನ ಕೆಳಗೆ ಎರಡು ಕೈ ಇರುತ್ತವೆ. ಇಲ್ಲಿ ಇದ್ದದ್ದು ಇವನದೊಂದೇ. ರಾಜಕುಮಾರ ಎಡವಿ ಬಿದ್ದರೂ ಅವನ ಕತ್ತಿ ರಾಕ್ಷಸನ ಎದೆಗೇ ತಾಗುತ್ತಿತ್ತು. ಮುದುಕಿ ಹಾಕಿದ ಬಲೆಯನ್ನು ಮಾತ್ರ ಪ್ರತಿ ಸಲ ಇಲಿ ಕಡಿದಿರುತ್ತಿತ್ತು.

ಒಂದು ರವಿವಾರ ಜೌಗಿನಲ್ಲಿ ಒಂದು ರಾಕ್ಷಸ ಎದ್ದಿತು. ಉಳಿದವರು ಕತ್ತಿ ಬೀಸುತ್ತಿದ್ದಾಗ ನನ್ನ ಮುದುಕಿ ಕೂತು ನೋಡಿದಳು. ಇದು ಯಾವುದಕ್ಕೆ ಹೆದರುತ್ತದೆ ಎಂದು ಕೇಳಿದೆ. ಬೆಂಕಿಗೆ ಎಂದ. ಮುದುಕಿ ತನ್ನಲ್ಲಿದ್ದದ್ದನ್ನೆಲ್ಲ ಕೊಟ್ಟು ಎಣ್ಣೆ, ದೀವಟಿಗೆ ಕೊಂಡಳು. ಮುಂದಿನ ರವಿವಾರ ಜೌಗಿಗೆ ಮರಳಿ ಹೋಗಿ ದೀವಟಿಗೆ ಹಚ್ಚಿದರೆ, ಅವನು ಟವೆಲ್ ಎತ್ತಿ ಇಣುಕಿ, ಇದು ಬೇರೆ ಜಾತಿಯದು, ಬೆಂಕಿಗೆ ಹೆದರುವುದಿಲ್ಲ ಎಂದುಬಿಟ್ಟ. ರಾಕ್ಷಸ ಮುದುಕಿಯ ಕೈ ಮುರಿಯಿತು. ಅದಕ್ಕ ವೈದ್ಯೆ ಆಗು ಅಂದಿದ್ದೆ ಎಂದು ಅವನು ಬಹಳ ಮೃದುವಾಗಿ ಹೇಳಿದ. ಆ ಮೃದುತನ ಕೇಳಿ ನನಗೆ ಮೈಯೆಲ್ಲ ಉರಿಯಿತು. ಹೋಗುವಾಗ ಮೆಟ್ಟಿಲ ಮೇಲೆ ಔಷಧಿ ಅಂಗಡಿಯವನು ನನಗಷ್ಟೇ ಕೇಳುವ ಹಾಗೆ, ಮೋಸ ಆಯ್ತು ಅಕ್ಕಾರ ಎಂದ. ಆದರೂ ನಾನು ಮತ್ತೆ ಹೋದೆ. ಆಟವೆಂದರೆ ಆಟ, ಮನೆಯಲ್ಲಿ ಮನುಷ್ಯ ಬೇರೆಯೇ ಇರಬಹುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮದುವೆಗೆ ತಲೆ ಕೊಟ್ಟ ಹುಡುಗಿಯರು ಹೇಳಿಕೊಳ್ಳುವ ಸಮಾಧಾನವೇ ಅದು.

ಈ ನಡುವೆ ನಮಗೆ ಗೊತ್ತಿಲ್ಲದೆ ಕೆಳಗೆ ಬೇರೆಯೇ ಆಟ ನಡೆದಿತ್ತು. ನಾನು ಪಾತ್ರ ಕಟ್ಟುವಾಗ ಅಂಕಿ ಬರೆದು, ಹೊಡೆದು ಹಾಕಿ, ಕೆಲವಕ್ಕೆ ಸುತ್ತು ಹಾಕಿ ಕೆಡಿಸಿದ ಹಾಳೆಗಳನ್ನು ಕಸದ ಬುಟ್ಟಿಗೆ ಎಸೆಯುತ್ತಿದ್ದೆ. ಕಸ ಕೆಳಗೆ ಹೋಗುತ್ತಿತ್ತು. ನಮ್ಮ ಊರುಗಳಲ್ಲಿ ಅಂಕಿ ಬರೆದು ಸುತ್ತು ಹಾಕಿದ ಚೀಟಿ ಕಂಡರೆ ಯಾರಿಗೂ ಬೇರೆ ಏನೂ ಹೊಳೆಯುವುದಿಲ್ಲ, ಓಸಿ ಒಂದೇ. ಒಂದು ನಂಬರಿಗೆ ರೊಕ್ಕ ಕಟ್ಟಿ, ಬಂತೇ ಎಂದು ಕಾಯುವ ಜೂಜು. ಒಬ್ಬ ಹಮಾಲ ನನ್ನ ಮುದುಕಿಯ ಗಮನದ ಅಂಕಿಗೆ ರೊಕ್ಕ ಕಟ್ಟಿದನಂತೆ, ಅದು ಬಂದೂ ಬಂತಂತೆ. ಅಲ್ಲಿಂದ ಮುಂದೆ ಮೇಲಿನ ಕಸಕ್ಕೆ ಕೆಳಗೆ ಬಹಳ ಮರ್ಯಾದೆ. ಸಾಹುಕಾರರ ಮಗ ಮಹಡಿಯಲ್ಲಿ ನಂಬರು ತೆಗೆಯುತ್ತಾನೆ ಎಂದು ಮಾರುಕಟ್ಟೆ ಯಾರ್ಡಿನ ಚಹಾದಂಗಡಿಯವರೆಗೂ ಸುದ್ದಿ ಹಬ್ಬಿತ್ತು. ಇಡೀ ಆಟದಲ್ಲಿ ಯಾರಿಗಾದರೂ ಲಾಭವಾಗಿದ್ದರೆ ಅದು ಆ ಹಮಾಲನಿಗೆ ಮಾತ್ರ.

ಯುಗಾದಿಗೆ ಹಿಂದಿನ ರವಿವಾರ. ವಕೀಲರ ಮಗ ಕತ್ತಿ ಎತ್ತಿದ್ದ, ಯಜಮಾನ ಟವೆಲಿನ ಕೆಳಗೆ ಕೈ ಹಾಕಿದ್ದ. ಆಗ ಮೆಟ್ಟಿಲ ಮೇಲೆ ಮಾವನ ಚಪ್ಪಲಿಯ ಸದ್ದಾಯಿತು. ಮಾವ ಎಂದೂ ಮೇಲೆ ಬರುವವರಲ್ಲ. ಮಾವನ ಮಗ ದಾಳಗಳನ್ನೆಲ್ಲ ಟವೆಲಿನಲ್ಲಿ ಬಾಚಿ ಗಂಟು ಮಾಡಿ, ಇಡಲು ಜಾಗ ಸಿಗದೆ, ಅದರ ಮೇಲೆಯೇ ಕೂತುಬಿಟ್ಟ. ಮೊನೆ ಮೊನೆಯ ದಾಳಗಳು. ಮುಖದಲ್ಲಿ ಏನೂ ತೋರಿಸದೆ ಕೂರಲು ಅವನು ಪಡುತ್ತಿದ್ದ ಕಷ್ಟ ನೋಡುವ ಹಾಗಿತ್ತು.

ಮಾವ ಒಳಗೆ ಬಂದರು. ಕೈಯಲ್ಲಿ ಮಡಚಿ ಮಡಚಿ ಎಣ್ಣೆ ಹಿಡಿದ ಒಂದು ಹಾಳೆ. ಚಹಾದಂಗಡಿಯಲ್ಲಿ ಯಾರೋ ತೋರಿಸಿ ನಕ್ಕಿರಬೇಕು.

"ನಮ್ಮ ಮನ್ಯಾಗ ಓಸಿ ಬರೀತಾರ ಅನ್ನಾಕತ್ಯಾರ," ಎಂದರು. "ಈ ಹಾಳಿ ಯಾರದು?"

ಟವೆಲಿನ ಮೇಲಿಂದ ದನಿ ಬಂತು.

"ಆಕಿದ್ರಿ ಅಪ್ಪಾ. ಅಕ್ಷರ ನೋಡ್ರಿ, ಆಕಿದ. ಎಲ್ಲಾ ಆಕಿ ರಾಣೆಬೆನ್ನೂರಿಂದ ತರತಾಳ. ನಾವು ಸುಮ್ನ ಕುಂತಿದ್ವಿ."

ರಾಜಕುಮಾರ ಫ್ಯಾನನ್ನು ನೋಡತೊಡಗಿದ. ಔಷಧಿ ಅಂಗಡಿಯವನು, ಪುಸ್ತಕ ನಿಂದು, ದಾಳ ನಿಂದು, ಸುಳ್ಳು ಯಾಕೆ ಹೇಳುತ್ತಿ ಎಂದು ಮೆಲ್ಲಗೆ ಅಂದ. ನಾನು ಮುದುಕಿಯ ಹಾಗೆ ಒಂದು ಸರದಿ ಸುಮ್ಮನೆ ಕೂತು ಅವನನ್ನು ನೋಡಿದೆ. ಏನು ತಿನ್ನುತ್ತದೆ, ಎಲ್ಲಿ ಅಡಗುತ್ತದೆ, ಯಾವುದಕ್ಕೆ ಹೆದರುತ್ತದೆ, ಪುಸ್ತಕದ ಮೂರೂ ಪ್ರಶ್ನೆಗೆ ಉತ್ತರ ಸಿಕ್ಕಿತು. ಪುಸ್ತಕದಲ್ಲಿ ಇಲ್ಲದ ಇನ್ನೊಂದೂ ಕಂಡಿತು. ಇಷ್ಟು ದಿನ ಈ ಮನುಷ್ಯನ ಬಗ್ಗೆ ಹೌದೋ ಅಲ್ಲವೋ ಎಂದು ಒದ್ದಾಡಿದ್ದಕ್ಕೆ ನನ್ನ ಮೇಲೆಯೇ ನಗು ಬಂತು.

"ಅಕ್ಷರ ನಂದರಿ ಮಾವ," ಎಂದೆ. "ಓಸಿ ಅಲ್ಲ. ಇದು ಒಬ್ಬಾಕಿ ಮುದುಕಿ. ರಾಕ್ಷಸರನ್ನ ಹೊಡೀತಾಳ."

ಮಾವ ಕನ್ನಡಕ ಹಾಕಿಕೊಂಡು, ಅಲ್ಲೇ ಇದ್ದ ಖಾಲಿ ಚೀಲಗಳ ಮೇಲೆ ಕೂತು, ಹಾಳೆಯನ್ನು ಮತ್ತೆ ನೋಡಿದರು. ನಾನು ಒಂದೊಂದೇ ಅಂಕಿ ಬಿಡಿಸಿ ಹೇಳಿದೆ. ಅವರು ಬೇಸರವಿಲ್ಲದೆ ಕೇಳಿದರು, ನಡುವೆ ಸೀನಿದರು. ಬಲ ಇಷ್ಟು ಕಡಿಮೆ ಇಟ್ಟರೆ ರಾಕ್ಷಸರನ್ನು ಹೇಗೆ ಹೊಡೆಯುತ್ತಾಳೆ ಎಂದು ಕೇಳಿದರು. ಮೊದಲು ನೋಡುತ್ತಾಳೆ, ಆಮೇಲೆ ಹೊಡೆಯುತ್ತಾಳೆ ಎಂದೆ. ಮಾವ ಕನ್ನಡಕದ ಮೇಲಿಂದ ಮಗನ ಕಡೆ ತಿರುಗಿ ಏಳು ಎಂದರು. ಅವನು ಎದ್ದ. ಟವೆಲಿನ ಗಂಟು ಬಿಚ್ಚಿಕೊಂಡು ದಾಳಗಳು ನೆಲದ ತುಂಬ ಉರುಳಿದವು. ಆ ಮಹಡಿಯಲ್ಲಿ ಅವನ ದಾಳ ಎಲ್ಲರ ಕಣ್ಣಿಗೆ ಬಿದ್ದದ್ದು ಅದೇ ಮೊದಲು.

ಸಂಜೆ ಗಾಡಿಗೆ ಮಾವನೇ ನನ್ನನ್ನು ಸ್ಟೇಷನ್ನಿಗೆ ಬಿಡಲು ಬಂದರು. ಪ್ಲಾಟ್‌ಫಾರ್ಮಿನ ಮೇಲೆ ನಿಂತು, ಯುಗಾದಿ ಆದ ಮೇಲೆ ಎಂದು ಶುರು ಮಾಡಿ ನಿಲ್ಲಿಸಿದರು.

"ನೀ ಒಲ್ಲೆ ಅಂತಿ, ಹೌದಿಲ್ಲೋ?"

"ಹೌದ್ರಿ ಮಾವ."

ಅವರು ಟವೆಲಿನಿಂದ ಮುಖ ಒರೆಸಿಕೊಂಡರು. ಸೊಸೆಯಾಗಿ ನನ್ನನ್ನು ಮನೆ ತುಂಬಿಸಿಕೊಳ್ಳುವ ಆಸೆ ಅವರಿಗೆ ಮಗನಿಗಿಂತ ಹೆಚ್ಚಿತ್ತು. ನಿಮ್ಮವ್ವನಿಗೆ ನಾನೇ ಹೇಳುತ್ತೇನೆ, ನಾನೇ ಬೇಡ ಅಂದೆ ಎನ್ನುತ್ತೇನೆ, ನಿನ್ನ ಮೇಲೆ ಬರುವುದು ಬೇಡ ಎಂದರು. ಅಷ್ಟು ಒಳ್ಳೆಯ ಮನುಷ್ಯನಿಗೆ ಅಂಥ ಮಗ ಹೇಗೆ ಹುಟ್ಟಿದ ಎಂದು ನಾನು ಇವತ್ತಿಗೂ ಕೇಳಿಕೊಳ್ಳುತ್ತೇನೆ, ನನ್ನ ಲ್ಯಾಬಿನ ಕಾಗದದಲ್ಲಿ ಅದಕ್ಕೆ ಪರೀಕ್ಷೆ ಇಲ್ಲ. ಬೇಡ ಮಾವ, ನಾನೇ ಹೇಳುತ್ತೇನೆ ಎಂದೆ.

ಮನೆಗೆ ಬಂದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಅಪ್ಪ ಒಳಗಿನ ಖೋಲಿಯಲ್ಲಿ ಟಿವಿ ಮುಂದೆ ಇದ್ದ. ಒಲೆಯ ಹತ್ತಿರ ಕೂತು, ಸಕ್ಕರೆ ಹಂಚುವುದು ಬೇಡ, ನನಗೆ ಅವನು ಬೇಡ ಎಂದೆ. ಅವ್ವನ ಕೈ ನಿಂತಿತು. ತನ್ನ ಅಣ್ಣನಿಗೆ ಕೊಟ್ಟ ಮಾತು ಅದು, ನನ್ನಷ್ಟೇ ವಯಸ್ಸಾದದ್ದು. ಏನು ಮಾಡಿದ ಎಂದು ಕೇಳಿದಳು. ನಡೆದದ್ದನ್ನು ಹೇಳಿದೆ.

"ಅಪ್ಪಗ ಹೆದರಿದ್ನಂತ," ಎಂದಳು. "ಅಪ್ಪಗ ಯಾರ ಹೆದರೂದಿಲ್ಲ?"

"ಹೆದರಿದ್ದಕ್ಕ ಅಲ್ಲಬೇ. ಹೆದರಿದಾಗ ಯಾರನ್ನ ಮುಂದ ದೂಡತಾನ ಅಂತ ನೋಡಿದೆ."

ಅವ್ವ ಬಹಳ ಹೊತ್ತು ನನ್ನನ್ನೇ ನೋಡಿದಳು. ಹಂಚಿನ ಮೇಲಿನ ರೊಟ್ಟಿ ಕರಕಾಗುವ ವಾಸನೆ ಬಂತು, ತಿರುವಿ ಹಾಕಿದಳು.

"ಹಂಗಾರ ಬ್ಯಾಡ," ಎಂದಳು.

ಅಷ್ಟೇ. ಇನ್ನೊಂದು ಹಿಟ್ಟಿನುಂಡೆ ತೆಗೆದುಕೊಂಡಳು. ಆಗ ಹೊರಗೆ ಬಾಗಿಲು ಬಡಿದ ಸದ್ದಾಯಿತು, ಯಾರೋ ರೈತರು ಅಪ್ಪನ ಹೆಸರು ಹಿಡಿದು ಜೋರಾಗಿ ಕೂಗುತ್ತಿದ್ದರು. ಒಳಗೆ ಟಿವಿಯ ದನಿ ಸಣ್ಣದಾಯಿತು. ನಾ ಮನ್ಯಾಗ ಇಲ್ಲ ಅಂತ ಹೇಳು ಎಂದು ಅಪ್ಪ ಪಿಸುಗುಟ್ಟಿದ. ಅವ್ವ ಏಳಲಿಲ್ಲ. ರೊಟ್ಟಿ ಬಡಿಯುವ ಕೈ ನಿಲ್ಲಿಸದೆ, "ನೀವು ಇಲ್ಲ ಅಂತ ನೀವ ಹೋಗಿ ಹೇಳ್ರಿ," ಎಂದಳು.